ಎಂಜಿನ್ ನಿಂತ ಕಾರಣ

ಹೋದ ತಿಂಗಳು ನಮ್ಮ ಬೀದಿಯ ಹಿರಿಯರೊಬ್ಬರು ತೀರಿಕೊಂಡರು. ಮಲಗಿದಲ್ಲೇ, ಯಾರಿಗೂ ತೊಂದರೆ ಕೊಡದೆ. ಸುದ್ದಿ ತಂದವರನ್ನು ನಾನು ಮೊದಲು ಕೇಳಿದ್ದು, "ಡಾಕ್ಟರು ಏನು ಕಾರಣ ಅಂದರಂತೆ?" ಎಂದು. ಹೃದಯ ನಿಂತಿತಂತೆ ಎಂದರು. ನಿಂತದ್ದು ಸರಿ, ಯಾಕೆ ನಿಂತಿತು ಎಂದು ಬಿಡದೆ ಕೇಳುವವರು ಆ ಮನೆಯಲ್ಲಿ ಒಬ್ಬರೇ ಇದ್ದರು. ಈಗ ಹೋದವರು ಅವರೇ.

ಎಪ್ಪತ್ತರ ದಶಕದ ಕೊನೆಯ ಮಾತು. ಜಯನಗರದಲ್ಲಿ ನಾವು ಹೊಸದಾಗಿ ಬಾಡಿಗೆಗೆ ಬಂದಿದ್ದೆವು. ಬ್ಯಾಂಕಿಗೆ ಹೊರಟ ಒಂದು ಬೆಳಿಗ್ಗೆ ನನ್ನ ಸ್ಕೂಟರ್ ಅವರ ಗೇಟಿನ ಮುಂದೆ ಕೆಮ್ಮಿ ನಿಂತಿತು. ಗೇಟಿನ ಒಳಗೆ ಬನಿಯನ್, ಪಟ್ಟೆ ಪಟ್ಟೆ ಲುಂಗಿಯಲ್ಲಿದ್ದ ನಲವತ್ತರ ಆಸುಪಾಸಿನ ಮನುಷ್ಯ ಹಲ್ಲುಜ್ಜುತ್ತ ನೋಡುತ್ತಿದ್ದರು.

"ಏನಾಯ್ತು?"

"ಏನಿಲ್ಲ, ಸುಮ್ನೆ ನಿಂತುಬಿಡ್ತು."

ಅವರು ಬಾಯಿ ಮುಕ್ಕಳಿಸಿ ಉಗಿದು ಹತ್ತಿರ ಬಂದರು. "ಸುಮ್ನೆ ಯಾವುದೂ ನಿಲ್ಲಲ್ಲ ರೀ. ಎಮ್ಮೆ ಕೂಡ ಸುಮ್ನೆ ನಿಲ್ಲಲ್ಲ."

ಫುಟ್‌ಪಾತಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು ನೋಡಿದರು. ಕಾರಣ ನಾನೇ. ರಾತ್ರಿ ಪೆಟ್ರೋಲ್ ಸೋರಿ, ಎಲ್ಲಿಂದಲೋ ಕಿಡಿ ಬಂದು, ಮನೆಗೆಲ್ಲ ಬೆಂಕಿ ಹತ್ತೀತೆಂಬ ಭಯಕ್ಕೆ ದಿನವೂ ಪೆಟ್ರೋಲಿನ ನಲ್ಲಿ ಮುಚ್ಚಿ ಮಲಗುತ್ತಿದ್ದೆ. ಅವತ್ತು ತೆರೆಯಲು ಮರೆತಿದ್ದೆ. ಪೈಪಿನಲ್ಲಿ ಉಳಿದಷ್ಟು ಪೆಟ್ರೋಲು ಅವರ ಗೇಟಿನವರೆಗೆ ಬಂದಿತ್ತು. ನನ್ನ ವಿವರಣೆಯನ್ನೆಲ್ಲ ಅವರು ನಗದೆ ಕೇಳಿದರು. ಆಮೇಲೆ ಹೇಳಿದರು: "ಭಯ ಪಡೋದು ತಪ್ಪಲ್ಲ. ಆದ್ರೆ ನಿಮ್ಮ ಭಯಕ್ಕೆ ವಿಳಾಸ ಇಲ್ಲ. ವಿಳಾಸ ಇಲ್ಲದ ಕಾಗದ ಬೀದೀಲಿರೋ ಎಲ್ಲ ಮನೆ ಬಾಗಿಲೂ ತಟ್ಟುತ್ತೆ. ಬನ್ನಿ ಒಳಗೆ, ಕಾಫಿ ಕುಡಿದು ಹೋಗಿ."

ಒಳಗೆ ಹೋದೆ. ನಡುಮನೆಯಲ್ಲಿ ಒಂದು ರೆಕ್ಕೆ ಇತ್ತು.

ಪೂರ್ತಿ ರೆಕ್ಕೆ. ಮರದ ಪಟ್ಟಿಗಳಿಂದ ಮಾಡಿದ್ದು, ಇನ್ನೂ ಬಟ್ಟೆ ಹೊದಿಸಿರಲಿಲ್ಲ, ದೊಡ್ಡ ಮೀನಿನ ಮುಳ್ಳಿನ ಹಾಗೆ ಗೋಡೆಯಿಂದ ಗೋಡೆಗೆ ಚಾಚಿಕೊಂಡಿತ್ತು. ದೇವರ ಮನೆಗೆ ಹೋಗಬೇಕಾದವರು ಅದರ ಅಡಿಯಲ್ಲಿ ಬಗ್ಗಿ ಹೋಗಬೇಕು. ಅವರ ತಾಯಿ ಹಾಗೆಯೇ ಬಗ್ಗಿ ಕಾಫಿ ತಂದುಕೊಟ್ಟರು.

"ಇನ್ನೊಂದು ಕೋಣೇಲಿದೆ," ಎಂದರು ಆಕೆ, ಇನ್ನೊಬ್ಬ ಮಗನ ವಿಷಯ ಹೇಳುವ ಹಾಗೆ. "ಇವನಿಗೆ ಯಾರು ಹೆಣ್ಣು ಕೊಡ್ತಾರೆ ಹೇಳಪ್ಪಾ? ಬಂದೋರು ಕೂತ್ಕೊಳೋಕೆ ಜಾಗ ಇಲ್ಲ."

"ಬಂದೋರು ಹಾಗೇ ಹೋಗ್ಲಿ ಅಂತಲೇ ಇಟ್ಟಿರೋದು," ಎಂದರು ಮಗ.

ಊರಿನ ಆ ತುದಿಯ ವಿಮಾನ ಕಾರ್ಖಾನೆಯಲ್ಲಿ ಅವರಿಗೆ ಕೆಲಸ. ಹಗಲೆಲ್ಲ ಅಲ್ಲಿ ಸರ್ಕಾರದ ವಿಮಾನಕ್ಕೆ ದುಡಿದು, ಕಾರ್ಖಾನೆಯ ಬಸ್ಸಿನಲ್ಲಿ ಮನೆಗೆ ಬಂದು, ಸಂಜೆ ತಮ್ಮ ವಿಮಾನಕ್ಕೆ ಕೂರುತ್ತಿದ್ದರು. ಒಬ್ಬರೇ ಕೂರುವ ಪುಟ್ಟ ವಿಮಾನ. ಮರದ ಮೈ, ಬಟ್ಟೆಯ ಚರ್ಮ, ಗುಜರಿಯಲ್ಲಿ ಸಿಕ್ಕ ಹಳೆಯ ವಿದೇಶಿ ಕಾರಿನ ಎಂಜಿನ್. ಹಾರಿಸುವುದನ್ನು ಹರೆಯದಲ್ಲೇ ಕಲಿತು ಲೈಸೆನ್ಸ್ ಪಡೆದಿದ್ದರು. ನಮ್ಮ ಬೀದಿಯಲ್ಲಿ ಅವರ ಹೆಸರು ಹೇಳಿದರೆ ಯಾರಿಗೂ ತಿಳಿಯುತ್ತಿರಲಿಲ್ಲ, ವಿಮಾನದವರು ಎಂದರೆ ಮನೆ ತೋರಿಸುತ್ತಿದ್ದರು. ತಾಯಿಯನ್ನು ವಿಮಾನದಮ್ಮ ಎನ್ನುತ್ತಿದ್ದರು. ಆಕೆಗೆ ಅದು ಇಷ್ಟವೂ ಆಗಿತ್ತು. ರೆಕ್ಕೆಗಳ ಬಟ್ಟೆಯನ್ನೆಲ್ಲ ಹೊಲಿದವರು ಆಕೆಯೇ, ತಮ್ಮ ಕೈ ತಿರುಗಿಸುವ ಮಿಷನ್ನಿನಲ್ಲಿ. ಹೊಲಿದ ಬಟ್ಟೆಗೆ ಮಗ ಬಳಿದ ಬಣ್ಣದ ವಾಸನೆ ತಮ್ಮ ಮನೆಯ ಸಾರಿನವರೆಗೂ ಹೋಗಿತ್ತು ಎಂದು ಪಕ್ಕದ ಮನೆಯವರ ದೂರು.

ನನ್ನಂಥವನಿಂದ ಅವರಿಗೇನು ಉಪಯೋಗ? ಇತ್ತು. ಭಾನುವಾರ ಬೆಳಿಗ್ಗೆ ಕರೆಸಿ, ಒಂದು ಸ್ಟೂಲಿನ ಮೇಲೆ ಕೂರಿಸಿ, "ಹೇಳಿ, ಇವತ್ತು ಏನೇನು ಭಯ?" ಎಂದು ಕೇಳುತ್ತಿದ್ದರು. ಜೀವನದಲ್ಲಿ ಯಾರೂ ನನ್ನನ್ನು ಕೇಳದ ಪ್ರಶ್ನೆ. ನಾನು ಶುರುಮಾಡುತ್ತಿದ್ದೆ. ರೆಕ್ಕೆ ಮುರಿದರೆ? ಅವರು ರೆಕ್ಕೆಯನ್ನು ಬೋರಲು ಹಾಕಿ, ಅದರ ಮೇಲೆ ಮರಳಿನ ಮೂಟೆಗಳನ್ನು ನನ್ನ ಕೈಯಿಂದಲೇ ಹೊರಿಸಿ, ಅದು ಬಾಗಿ ಮತ್ತೆ ನೆಟ್ಟಗಾಗುವುದನ್ನು ತೋರಿಸಿದರು. ಇಲಿ ಬಂದು ತಂತಿ ಕಡಿದರೆ? ಅದನ್ನು ಅವರು ಚೀಟಿಯಲ್ಲಿ ಬರೆದುಕೊಂಡರು. ಯೋಚಿಸಿ, ಮರುದಿನ ತಂತಿಗಳಿಗೆಲ್ಲ ತಗಡಿನ ಕೊಳವೆ ಹಾಕಿದರು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಮನೆಯಲ್ಲಿ ಹೇಳಿಕೊಂಡೆ. "ಬ್ಯಾಂಕಲ್ಲಿ ಯಾವ ಗುಣಕ್ಕೆ ಬಡ್ತಿ ತಪ್ಪಿತೋ ಅದಕ್ಕೇ ಅಲ್ಲಿ ಕೆಲಸ ಸಿಕ್ಕಿತಲ್ಲ," ಎಂದಳು ನನ್ನ ಹೆಂಡತಿ.

ವಿಮಾನ ಮುಗಿದಾಗ ಬಾಗಿಲಿನಿಂದ ರೆಕ್ಕೆ ಹೊರಗೆ ಬರಲಿಲ್ಲ. ಇದೊಂದು ಭಯ ನನಗೂ ಹೊಳೆದಿರಲಿಲ್ಲ. ಕಿಟಕಿಯನ್ನು ಚೌಕಟ್ಟಿನ ಸಮೇತ ಕಿತ್ತು, ತಳ್ಳುಗಾಡಿಯ ಮೇಲೆ ಬಿಡಿ ಬಿಡಿಯಾಗಿ ಪುಟ್ಟೇನಹಳ್ಳಿಗೆ ಸಾಗಿಸಿದೆವು. ಅಲ್ಲಿ ಕೆರೆಯ ಪಕ್ಕ ಗೌಡರೊಬ್ಬರು ರಾಗಿ ಕೊಯ್ದು ಬಿಟ್ಟಿದ್ದ ಹೊಲವನ್ನು ವಿಮಾನ ಓಡಿಸಲು ಕೊಟ್ಟಿದ್ದರು. ಪರವಾನಗಿಯ ಇಲಾಖೆಯಿಂದ ಅಧಿಕಾರಿಯೊಬ್ಬರು ಬಂದು, ಎಲ್ಲವನ್ನೂ ತಟ್ಟಿ ಕುಟ್ಟಿ, ಕೆರೆಯ ಸುತ್ತಮುತ್ತ ಮಾತ್ರ, ಮನೆಗಳ ಮೇಲೆ ಹೋಗಕೂಡದು ಎಂದು ಹೇಳಿ ಒಪ್ಪಿಗೆ ಕೊಟ್ಟಿದ್ದರು.

ಹಾರುವ ದಿನ ಬೆಳಿಗ್ಗೆ ತಾಯಿ ಪೂಜೆಯ ತಟ್ಟೆ ಹಿಡಿದುಕೊಂಡೇ ಬಂದರು. ನನ್ನ ಸ್ಕೂಟರಿನ ಹಿಂದೆ, ಒಂದು ಕೈಯಲ್ಲಿ ತಟ್ಟೆ, ಇನ್ನೊಂದು ಕೈಯಲ್ಲಿ ನನ್ನ ಷರಟು. ಎಂಜಿನ್ನನ್ನು ಅದಾಗಲೇ ಬಹಳ ಹೊತ್ತು ನೆಲದ ಮೇಲೆ ಓಡಿಸಿ ನೋಡಿಯಾಗಿತ್ತು. ಮಗ ಕೈಗಡಿಯಾರ ನೋಡುತ್ತ, "ಬೇಗ ಅಮ್ಮ, ಗಾಳಿ ಏಳುತ್ತೆ," ಎಂದರೂ ಆಕೆ ಆತುರಪಡಲಿಲ್ಲ. ಮನೆಯಲ್ಲೇ ತೇದು ತಂದಿದ್ದ ಗಂಧವನ್ನು ಮೂತಿಯ ಫ್ಯಾನಿಗೆ, ಚಕ್ರಗಳಿಗೆ, ತಾವು ಹೊಲಿದ ರೆಕ್ಕೆಗಳಿಗೆ ಇಟ್ಟರು. ಕೂರುವ ಜಾಗದ ಮುಂದೆಯೇ ಪೆಟ್ರೋಲ್ ಟ್ಯಾಂಕಿನ ಮುಚ್ಚಳವಿತ್ತು. "ಇದೇ ಅಲ್ವೇನೋ ಇದರ ಹೊಟ್ಟೆ?" ಎಂದು ಅದಕ್ಕೆ ಸ್ವಲ್ಪ ಧಾರಾಳವಾಗಿಯೇ ಬಳಿದು, ಮಧ್ಯೆ ಕುಂಕುಮ ಒತ್ತಿ, ಅಕ್ಷತೆ ಅಂಟಿಸಿದರು. ಮಗ ಹತ್ತಿ ಕೂತರು. ಪ್ರತಿಯೊಂದನ್ನೂ ಕೈಯಿಂದ ಮುಟ್ಟಿ ನೋಡುವುದು ಅವರ ಕ್ರಮ. ಮುಚ್ಚಳದ ಹತ್ತಿರ ಬಂದಾಗ ಕೈ ಮುಗಿದರು. ಅದನ್ನು ನಾನು ಕಂಡೆ, ಚೆನ್ನಾಗಿದೆ ಅಂದುಕೊಂಡೆ.

ವಿಮಾನ ಹಾರಿತು. ಹಾರುತ್ತದೆಂದು ನಾನು ಒಳಗೊಳಗೆ ನಂಬಿಯೇ ಇರಲಿಲ್ಲವೆಂಬುದು ಅದು ಹಾರಿದ ಮೇಲೆ ನನಗೆ ತಿಳಿಯಿತು. ಕೆರೆ ದಾಟಿ, ಓರೆಯಾಗಿ ತಿರುಗಿ, ಬಿಸಿಲಿನಲ್ಲಿ ಹೊಳೆಯಿತು. ಗೌಡರು ತಲೆಯ ಟವಲ್ ತೆಗೆದರು. "ಬರೀ ಬಟ್ಟೆ ಅಲ್ವಾ ಸ್ವಾಮಿ ಅದು," ಎಂದರು.

ಆಮೇಲೆ ಸದ್ದು ತೊದಲಿತು. ಇನ್ನೊಮ್ಮೆ ತೊದಲಿ, ನಿಂತೇಹೋಯಿತು. ಕೆರೆಯ ಹಕ್ಕಿಗಳ ಕೂಗು ಇದ್ದಕ್ಕಿದ್ದ ಹಾಗೆ ಕೇಳಿಸತೊಡಗಿತು. ವಿಮಾನ ಮೂತಿ ಕೆಳಗೆ ಮಾಡಿಕೊಂಡು ಮರಗಳ ಹಿಂದೆ ಇಳಿದು ಕಾಣದಾಯಿತು. ಹೊಲಕ್ಕೂ ಅದಕ್ಕೂ ನಡುವೆ ಇಡೀ ಕೆರೆ ಇತ್ತು.

 ಭಾನುವಾರಗಳಲ್ಲಿ ಇದನ್ನು ಎಷ್ಟು ಬಗೆಯಲ್ಲಿ ವರ್ಣಿಸಿದ್ದೆನೋ, ನಿಜಕ್ಕೂ ಆದಾಗ ಮಾಡಬೇಕಾದ್ದೇನೂ ಹೊಳೆಯಲಿಲ್ಲ. ತಾಯಿ ಅಷ್ಟು ಹೊತ್ತಿಗೆ ಸ್ಕೂಟರಿನ ಹಿಂದಿನ ಸೀಟಿನಲ್ಲಿದ್ದರು.

"ನಡಿಯಪ್ಪಾ."

"ಅಮ್ಮ, ದಾರಿ ಸರಿ ಇಲ್ಲ, ನೀವು ಇಲ್ಲೇ..."

"ನಡಿ ಅಂದೆ."

ಏರಿಯ ಮೇಲೆ, ಕಲ್ಲುಮಣ್ಣಿನ ದಾರಿಯಲ್ಲಿ, ನಾನು ಹಿಂದೆಂದೂ ಓಡಿಸದ ವೇಗದಲ್ಲಿ ಓಡಿಸಿದೆ. ಜೆ.ಪಿ. ನಗರದ ಕಡೆಗೆ ಆಗ ಹೊಸ ಬಡಾವಣೆಗೆ ಗುರುತು ಹಾಕಿ ಬಿಟ್ಟಿದ್ದರು. ನೇರವಾದ ರಸ್ತೆಗಳು, ಸೈಟಿನ ಕಲ್ಲುಗಳು, ಒಂದೂ ಮನೆಯಿಲ್ಲ. ಕರೆಂಟಿನ ಕಂಬ ನೆಟ್ಟು ತಂತಿ ಎಳೆಯುವುದನ್ನು ಮರೆತಿದ್ದರು. ಸರ್ಕಾರಿ ಕೆಲಸ ನಿಧಾನವೆಂದು ಬಯ್ಯುವವರ ಜೊತೆ ಅಂದಿನಿಂದ ನಾನು ಸೇರುವುದಿಲ್ಲ. ಆ ರಸ್ತೆಯೊಂದರ ತುದಿಯಲ್ಲಿ ವಿಮಾನ ಜಲ್ಲಿ ರಾಶಿಗೆ ಮೂತಿ ಇಟ್ಟು ನಿಂತಿತ್ತು. ಒಂದು ಚಕ್ರ ಬಾಗಿತ್ತು, ರೆಕ್ಕೆಯ ತುದಿ ಹರಿದಿತ್ತು, ಒಂದು ಸೈಟಿನ ಮೂಲೆಕಲ್ಲು ಉರುಳಿ ಬಿದ್ದಿತ್ತು. ಪಕ್ಕದ ಕಲ್ಲಿನ ಮೇಲೆ ಅವರು ತೊಡೆಯ ಮೇಲೆ ಕೈಯಿಟ್ಟು ಕೂತಿದ್ದರು, ಬಸ್ಸಿಗೆ ಕಾದವರ ಹಾಗೆ.

ಪೆಟ್ಟಾಯಿತೆ ಎಂದು ಕೇಳಬೇಕಿತ್ತು. ನಾನು ಕೇಳಿದ್ದು, "ಈ ಕಲ್ಲು ಯಾರದು? ಮೊದಲಿನ ಜಾಗದಲ್ಲೇ ನೆಡದಿದ್ದರೆ ಸೈಟಿನವರಿಗೆ ತೊಂದರೆ ಆಗಲ್ವೆ?"

ಅವರು ತಲೆ ಎತ್ತಿದರು. "ನಿಮಗೆ ಭಯ ಶುರುವಾಯ್ತು ಅಂದ್ರೆ ಎಲ್ಲ ಸರಿಯಾಗಿದೆ ಅಂತ ಅರ್ಥ," ಎಂದರು.

ತಾಯಿ ಮಗನ ತಲೆ, ಭುಜ, ಕೈ ಎಲ್ಲ ಸವರಿ ನೋಡಿದರು. ಆಮೇಲೆ ಹರಿದ ರೆಕ್ಕೆಯ ಹತ್ತಿರ ಹೋಗಿ, "ಬಟ್ಟೆ ಹರಿದಿದೆ, ಹೊಲಿಗೆ ಬಿಟ್ಟಿಲ್ಲ ನೋಡು," ಎಂದರು. 

ಮಗ ಎದ್ದು ಟ್ಯಾಂಕಿನ ಮುಚ್ಚಳ ತಿರುಗಿಸಿದರು. ಉಸ್ ಎಂದು ಗಾಳಿ ಒಳಗೆಳೆದ ಸದ್ದು ನನಗೂ ಕೇಳಿಸಿತು. ಒಳಗೆ ಪೆಟ್ರೋಲು ಹಾಗೇ ಇತ್ತು. ಅವರು ಮುಚ್ಚಳವನ್ನು ಬೆಳಕಿಗೆ ಹಿಡಿದರು. ನಡುವೆ ಒಂದು ಸಣ್ಣ ತೂತು ಇರಬೇಕಿತ್ತು. ಅದರ ಮೇಲೆ ಗಂಧ ಒಣಗಿ, ಗಾರೆಯ ಹಾಗೆ ಕೂತಿತ್ತು. ಗಾಳಿ ಒಳಗೆ ಹೋಗದೆ ಪೆಟ್ರೋಲು ಹೊರಗೆ ಬಂದಿರಲಿಲ್ಲ.

"ನೋಡ್ದ್ಯಾ," ಎಂದರು ತಾಯಿ ಹಿಂದಿನಿಂದ. "ಗಂಧ ಇಟ್ಟಿದ್ದಕ್ಕೆ ಉಳ್ಕೊಂಡೆ. ನಾನಿಲ್ದೇ ಇದ್ದಿದ್ರೆ?"

ಮಗ ನನ್ನ ಮುಖ ನೋಡಿದರು. ನಾನು ಜಲ್ಲಿ ರಾಶಿ ನೋಡಿದೆ. ಮುಚ್ಚಳವನ್ನು ಜೇಬಿಗೆ ಹಾಕಿಕೊಂಡು, "ಹೌದಮ್ಮ," ಎಂದರು. ಕಾರಣದ ವಿಷಯದಲ್ಲಿ ಅವರ ಬಾಯಿಂದ ನಾನು ಕೇಳಿದ ಮೊದಲ ಸುಳ್ಳು ಅದು.

ಎಂಜಿನ್ ನಿಂತಾಗ ಏನನ್ನಿಸಿತು ಎಂದು ಆಮೇಲೊಮ್ಮೆ ಕೇಳಿದ್ದೆ. "ಮೊದಲು ಕೋಪ ಬಂತು, ಆಮೇಲೆ ಕೆಲಸ ಬಂತು. ಭಯಕ್ಕೆ ಜಾಗ ಇರ್ಲಿಲ್ಲ, ಒಂದೇ ಸೀಟು," ಎಂದರು. ಇನ್ನೊಂದು ಮಾತೂ ಹೇಳಿದರು: "ನೆಲ ಮೇಲೆ ಬರ್ತಾ ಇದ್ರೆ ಮನಸ್ಸು ಮೂತಿ ಮೇಲಕ್ಕೆಳಿ ಅನ್ನುತ್ತೆ. ಕೈ ಕೆಳಕ್ಕೆ ತಳ್ಬೇಕು. ಮೇಲಕ್ಕೆಳೆದೋನು ಬೀಳ್ತಾನೆ, ಕೆಳಕ್ಕೆ ತಳ್ಳಿದೋನು ಇಳೀತಾನೆ." ಇದನ್ನು ನಾನು ಎಷ್ಟೋ ಸಲ ನೆನಪು ಮಾಡಿಕೊಂಡಿದ್ದೇನೆ. ಪಾಲಿಸಿದ್ದೇನೆ ಎಂದು ಹೇಳಲಾರೆ.

ಇಲಾಖೆಯ ಅಧಿಕಾರಿ ಬಂದಾಗ ಅವರು ಏನನ್ನೂ ಮುಚ್ಚಲಿಲ್ಲ. ಗೌಡರ ಹೊಲದಲ್ಲಿ, ನನ್ನೆದುರಿಗೇ, ಮುಚ್ಚಳವನ್ನು ಅಧಿಕಾರಿಯ ಅಂಗೈ ಮೇಲಿಟ್ಟರು.

"ಯಾರು ಇಟ್ಟಿದ್ದು ಇದನ್ನ?"

"ಇಟ್ಟಿದ್ದು ಯಾರು ಅನ್ನೋದಲ್ಲ ಸಾರ್. ನೋಡಬೇಕಾದೋನು ನಾನು. ಕೈ ಮುಗಿದೆ. ಬೆರಳಿಟ್ಟು ನೋಡಬೇಕಿತ್ತು."

ಅಧಿಕಾರಿ ಒಣಗಿದ ಗಂಧವನ್ನು ಉಗುರಿನಿಂದ ಕೆರೆದು ನೋಡಿ, "ನಮ್ಮನೇಲೂ ಕಾರಿಗೆ ಇಡ್ತಾರೆ," ಎಂದಷ್ಟೇ ಹೇಳಿದರು. ರಿಪೇರಿ ಮುಗಿದ ಮೇಲೆ ಮತ್ತೆ ಹಾರಲು ಒಪ್ಪಿಗೆ ಸಿಕ್ಕಿತು.

ಆದರೆ ಬೀದಿಯಲ್ಲಿ ಅಷ್ಟರಲ್ಲಿ ಬೇರೊಂದು ಕಥೆ ಬೆಳೆದಿತ್ತು. ಆಕಾಶದಲ್ಲಿ ಎಂಜಿನ್ ನಿಂತರೂ ವಿಮಾನದಮ್ಮನ ಗಂಧ ಮಗನನ್ನು ಹೂವಿನ ಹಾಗೆ ಇಳಿಸಿತಂತೆ. ಶುಕ್ರವಾರ ಬಂತೆಂದರೆ ಅವರ ಗೇಟಿನ ಮುಂದೆ ಸ್ಕೂಟರು, ಮೋಪೆಡ್ಡು. ತಿಲಕ್ ನಗರದ ಒಬ್ಬ ಲಾರಿ ಡ್ರೈವರ್ ಲೋಡಿಗೆ ಹೋಗುವ ಮುನ್ನ ಬಂದು ಹೋಗುತ್ತಿದ್ದ. ಯಾರೋ ಹಾಲ್ ಟಿಕೆಟ್ ತಂದಿದ್ದರು. ಬೆಳಿಗ್ಗೆ ಎದ್ದು ಸಾಣೆಕಲ್ಲಿನ ಮುಂದೆ ಕೂತ ತಾಯಿಯ ಮುಖದಲ್ಲಿ ಹಿಂದೆಂದೂ ಇರದ ಕಳೆ. ಗಂಡ ಹೋದ ಮೇಲೆ ಆಕೆಯನ್ನು ಯಾರೂ ಶುಭಕ್ಕೆ ಮುಂದೆ ಕರೆದಿರಲಿಲ್ಲ. ಅಂಥವರು ಈಗ ಬೀದಿಗೆಲ್ಲ ಗಂಧ ಇಡುತ್ತಿದ್ದರು. ಮಗ ಒಳಗಿನಿಂದ ನೋಡಿ, ಮತ್ತೆ ಕಬ್ಬಿಣ ಉಜ್ಜುವ ಅರಕ್ಕೆ ತಿರುಗುತ್ತಿದ್ದರು. ಏನನ್ನೂ ಉಜ್ಜುತ್ತಿರಲಿಲ್ಲ.

"ಹೇಳಬೇಡಿ," ಎಂದೆ ನಾನು. "ಸುಮ್ನೆ ಮುಚ್ಚಳ ಬದಲಾಯಿಸಿಬಿಡಿ."

ಅವರು ಬದಲಾಯಿಸಿದ್ದರು ಕೂಡ. ತೂತಿನ ಬದಲು ಬಗ್ಗಿದ ಸಣ್ಣ ಕೊಳವೆ ಹಾಕಿದ್ದರು. "ಮುಚ್ಚಳಕ್ಕೆ ಮದ್ದಿದೆ ರೀ," ಎಂದರು. "ಇದನ್ನ ಹೇಳಿದ್ರೆ ಅಮ್ಮ ನಾಳೆಯಿಂದ ಮತ್ತೆ ಅಡುಗೆಮನೆ ಮೂಲೆ ಸೇರ್ತಾಳೆ. ಹೇಳ್ದೇ ಇದ್ರೆ ನಾನು ಅವಳನ್ನ ಮೋಸ ಮಾಡಿ ಸಾಕ್ತಾ ಇದ್ದ ಹಾಗೆ. ಯಾವ ಕಡೆ ತಳ್ಳಲಿ ಅಂತ ಗೊತ್ತಾಗ್ತಿಲ್ಲ." ಎಂಜಿನ್ ನಿಂತಾಗ ಗೊತ್ತಾಗಿದ್ದವರಿಗೆ ಇದು ಗೊತ್ತಾಗಲಿಲ್ಲ.

ಎರಡನೆಯ ಸಲ ಹಾರುವ ದಿನ. ಅದೇ ಹೊಲ, ಅದೇ ಗೌಡರು. ತಾಯಿ ಹೊಸ ಸೀರೆಯುಟ್ಟು ಬಂದಿದ್ದರು. ಫ್ಯಾನು, ಚಕ್ರ, ರೆಕ್ಕೆ ಎಲ್ಲ ಮುಗಿಸಿ ಮುಚ್ಚಳದ ಕಡೆ ಕೈ ಚಾಚಿದರು. "ಇದೇನೋ ಕೊಂಬು ಬಂದಿದೆ? ಇರ್ಲಿ, ಅವತ್ತು ಕಾಪಾಡಿದ ಜಾಗ," ಎಂದು ಕೊಳವೆಯ ಬಾಯಿಗೇ ಬೆರಳು ತಂದರು.

ಆಗಲೇ ಹತ್ತಿ ಕೂತಿದ್ದ ಮಗ ಆ ಕೈ ಹಿಡಿದುಕೊಂಡರು.

"ಅಮ್ಮ, ಎಣ್ಣೆ ಡಬ್ಬಕ್ಕೆ ಎರಡನೇ ತೂತು ಯಾಕೆ ಹೊಡೀತೀಯ?"

"ಗಾಳಿ ಹೋಗದೆ ಎಣ್ಣೆ ಎಲ್ಲಿ ಬೀಳುತ್ತೋ?"

  ತಾಯಿ ತಮ್ಮ ಬೆರಳಿನ ಗಂಧ ನೋಡಿಕೊಂಡರು, ಕೊಳವೆ ನೋಡಿದರು, ಕೆರೆಯಾಚೆಯ ಬಡಾವಣೆ ನೋಡಿದರು. ಗೌಡರು ದೂರ ಸರಿದು ಬೀಡಿ ಹುಡುಕಿಕೊಂಡರು. ಆಕೆ ಅಲ್ಲೇ ಕುಸಿಯುತ್ತಾರೆಂದು ನಾನು ಹಿಡಿಯಲು ಸಿದ್ಧನಾಗಿ ನಿಂತೆ.

"ಅವತ್ತೇ ಯಾಕೆ ಹೇಳಲಿಲ್ಲ?"

"ನೀನು ನೊಂದ್ಕೊತೀಯ ಅಂತ."

"ನೊಂದ್ಕೊಂಡಿದ್ರೆ ನಾಲ್ಕು ದಿನ ಅತ್ತು ಸುಮ್ನಾಗ್ತಿದ್ದೆ. ಈಗ ಊರಿಗೆಲ್ಲ ನಾನೇ ಕಾಪಾಡಿದೆ ಅಂತ ಹೇಳ್ಕೊಂಡು ಕುಣಿದಿದೀನಲ್ಲೋ. ನನ್ನ ಮಾನದ ಗತಿ?" ಎಂದರು. ಕಣ್ಣಲ್ಲಿ ನೀರಿತ್ತು. "ಬಗ್ಗು ಇಲ್ಲಿ."

ಅವರು ಕೂತಲ್ಲಿಂದಲೇ ಬಗ್ಗಿದರು. ಕಾರ್ಖಾನೆಗೆ ಹೋಗುವಾಗ ಹಣೆಯ ಮೇಲೆ ಏನಿದ್ದರೂ ಗೇಟಿನ ಹೊರಗೆ ಒರೆಸಿಕೊಳ್ಳುತ್ತಿದ್ದ ಮನುಷ್ಯ. ತಾಯಿ ಬೆರಳಿನಲ್ಲಿದ್ದ ಗಂಧವನ್ನೆಲ್ಲ ಆ ಹಣೆಗೆ ಎಳೆದು, "ಇಲ್ಲೇನೂ ತೂತಿಲ್ಲ ತಾನೆ?" ಎಂದರು.

"ಇಲ್ಲಮ್ಮ."

"ಹೋಗಿ ಬಾ ಹಂಗಾದ್ರೆ."

ಹೋದರು, ಕೆರೆಗೆ ಎರಡು ಸುತ್ತು ಹಾಕಿ, ಹೊರಟ ಹೊಲದಲ್ಲೇ ಇಳಿದರು. ಅಷ್ಟು ಹೊತ್ತೂ ತಾಯಿ ಮೇಲೆ ನೋಡಲಿಲ್ಲ. ನನ್ನ ಮಣಿಕಟ್ಟು ಹಿಡಿದುಕೊಂಡು ಸದ್ದು ಮಾತ್ರ ಕೇಳುತ್ತಿದ್ದರು. ಬಳೆಯಿಲ್ಲದ ಆ ಕೈಗೆ ಅಷ್ಟು ಬಲವಿದೆಯೆಂದು ನನಗೆ ಗೊತ್ತಿರಲಿಲ್ಲ.

ಅಂದು ಸಂಜೆ ಆಕೆ ಯಾರೂ ಹೇಳದೆ ಮನೆ ಮನೆಗೆ ಹೋದರು. "ಕಾಪಾಡಿದ್ದು ನಾನಲ್ಲ ಕಣ್ರೀ, ಕೆಡವಿದ್ದು ನಾನು," ಎಂದು ಎಣ್ಣೆ ಡಬ್ಬದ ಸಮೇತ ವಿವರಿಸಿದರು. ನಮ್ಮ ಮನೆಗೂ ಬಂದು ನನ್ನೆದುರಿಗೇ ಹೇಳಿದರು, ನಾನು ಗೊತ್ತಿಲ್ಲದವನ ಹಾಗೆ ಕೇಳಿದೆ. ಮುಂದಿನ ಶುಕ್ರವಾರ ಅವರ ಗೇಟಿನ ಮುಂದೆ ಯಾರೂ ಇರುವುದಿಲ್ಲವಲ್ಲ ಎಂದು ಹೆದರಿ, ಒಬ್ಬನಾದರೂ ಇರಲಿ ಎಂದು ಬೆಳಿಗ್ಗೆಯೇ ಸ್ಕೂಟರ್ ತೆಗೆದುಕೊಂಡು ಹೋದೆ. ಲಾರಿ ನನಗಿಂತ ಮುಂಚೆ ಬಂದಿತ್ತು.

"ಡಬ್ಬದ ವಿಷ್ಯ ಕೇಳ್ದೆ ಅಮ್ಮ," ಎನ್ನುತ್ತಿದ್ದ ತಿಲಕ್ ನಗರದ ಡ್ರೈವರ್. "ತಪ್ಪಾಯ್ತು ಅಂತ ಮನೆ ಮನೆಗೆ ಹೇಳ್ಕೊಂಡು ಬಂದ್ರಂತಲ್ಲ. ಅಂಥೋರ ಕೈಲಿ ಇಡಿಸ್ಕೊಳ್ದೆ ಇನ್ಯಾರ ಕೈಲಿ ಇಡಿಸ್ಕೊಳ್ಲಿ?"

ತಾಯಿ ಅನುಮಾನಿಸುತ್ತ ನಿಂತಿದ್ದರು. ಅಷ್ಟರಲ್ಲಿ ಮಗ ಲುಂಗಿ ಎತ್ತಿಕಟ್ಟಿ, ಕೈಯಲ್ಲೊಂದು ತಂತಿ ಚೂರು ಹಿಡಿದು ಹೊರಗೆ ಬಂದರು. ಲಾರಿಯ ಡೀಸೆಲ್ ಮುಚ್ಚಳ ತಿರುಗಿಸಿ ನೋಡಿದರು, ತಂತಿ ಆಡಿಸಿದರು, ಮತ್ತೆ ಹಾಕಿದರು. "ಇಲ್ಲಿ ಬೇಡಮ್ಮ. ಆ ಬಂಪರಿಗೆ ಇಡು, ಎಷ್ಟು ಬೇಕೋ ಅಷ್ಟು," ಎಂದರು. ಆಮೇಲೆ ಬಗ್ಗಿ ಟೈರು ನೋಡಿ, "ಏನಯ್ಯಾ, ಇದನ್ನ ಹಾಕ್ಕೊಂಡು ಲೋಡಿಗೆ ಹೋಗ್ತೀಯಾ? ಗಂಧ ಏನು ಮಾಡುತ್ತೆ ಇದಕ್ಕೆ?" ಎಂದು ಬಯ್ಯತೊಡಗಿದರು.

ಅಂದಿನಿಂದ ಶುಕ್ರವಾರಗಳಂದು ಕಾರ್ಖಾನೆಯ ಬಸ್ಸು ಬರುವವರೆಗೆ ಇಬ್ಬರೂ ಗೇಟಿನಲ್ಲಿರುತ್ತಿದ್ದರು. ಆಕೆ ಗಂಧ ಇಡುವುದು, ಅವರು ಬ್ರೇಕು ನೋಡುವುದು. ಆಕೆಗೆ ತೇಯಲಾಗದೆ ಸಾಣೆಕಲ್ಲು ಮೂಲೆಗೆ ಹೋಗುವವರೆಗೂ ಇದು ನಡೆಯಿತು. ಲಾರಿ ಬಂದಿದ್ದ ಆ ಶುಕ್ರವಾರ ನನ್ನ ಸರದಿ ಕೊನೆಗೆ ಬಂತು. ತಾಯಿ ಸ್ಕೂಟರಿನ ಹ್ಯಾಂಡಲಿಗೆ ಗಂಧ ಇಟ್ಟರು. ಅವರು ಎಂದಿನಂತೆ ಕೇಳಿದರು, "ಹೇಳಿ, ಏನೇನು ಭಯ?"

ಬೆಳಗಿನ ಬಿಸಿಲಿತ್ತು. ಹುಡುಕಿ ನೋಡಿದೆ. "ಇವತ್ತು ಏನೂ ಇಲ್ಲ," ಎಂದೆ.

ಅವರ ಹುಬ್ಬು ಗಂಟಿಕ್ಕಿತು. ನನ್ನನ್ನೂ ಸ್ಕೂಟರನ್ನೂ ಒಂದು ಸಲ ಮೇಲಿಂದ ಕೆಳಗೆ ನೋಡಿ, "ಯಾಕೆ?" ಎನ್ನುತ್ತ ಫುಟ್‌ಪಾತಿನ ಮೇಲೆ ಕುಕ್ಕರಗಾಲಿನಲ್ಲಿ ಕೂತರು.